ನಡುಗುವ ಕೈಗೆ ಯಾವ ಮೌಸ್?
ಉಡುಪಿ ರಥಬೀದಿ ಹತ್ತಿರ ನನ್ನದು ಡಿಟಿಪಿ ಕೆಲಸ. ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ ಅಂತ ದಿನವಿಡೀ ಮೌಸ್ ಹಿಡಿದೇ ಇರಬೇಕು. ಬಲಗೈ ನಡುಕ ಶುರುವಾಗಿ ಆರು ವರ್ಷ ಆಯ್ತು.

ತೊಂದರೆ ಸರಿಯಾಗಿ ಎಲ್ಲಿದೆ ಅಂತ ತಿಳಿಯಲು ಒಂದು ದಿನ ಸ್ಕ್ರೀನ್ ರೆಕಾರ್ಡ್ ಮಾಡಿ ನಿಧಾನಕ್ಕೆ ಓಡಿಸಿ ನೋಡಿದೆ. ಸಾಮಾನ್ಯ ಮೌಸ್‌ನಲ್ಲೂ ಬಾಣ ಮುಕ್ಕಾಲು ದಾರಿ ನೆಟ್ಟಗೇ ಹೋಗುತ್ತದೆ. ಗುರುತಿನ ಹತ್ತಿರ ಬಂದಮೇಲೆ ಆಚೆ ದಾಟುತ್ತದೆ, ಈಚೆ ಬರುತ್ತದೆ, ಮತ್ತೆ ದಾಟುತ್ತದೆ. ಅಂತೂ ಕೂತಿತು ಅಂತ ಬೆರಳು ಒತ್ತಿದರೆ ಆ ಒತ್ತಿಗೇ ಮೌಸ್ ಜಾರಿ ಕ್ಲಿಕ್ ಪಕ್ಕಕ್ಕೆ ಬೀಳುತ್ತದೆ. ಗುರಿ ದೂರವಾದಷ್ಟೂ, ಸಣ್ಣದಾದಷ್ಟೂ ಮುಟ್ಟಲು ಹೊತ್ತು ಹಿಡಿಯುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಸೂತ್ರ ಕಟ್ಟಿದ್ದರು. ನನಗೆ ದೂರ ಲೆಕ್ಕಕ್ಕಿಲ್ಲ, ಸಣ್ಣ ಗುರಿಯದ್ದೇ ಕಾಟ. ಜಾಲತಾಣಗಳು ಎಲ್ಲರ ಕೈಗೂ ಎಟುಕಲಿ ಅಂತ ಮಾಡಿದ 2023ರ ಡಬ್ಲ್ಯುಸಿಎಜಿ 2.2 ಮಾನದಂಡದಲ್ಲಿ ಗುಂಡಿಗಳಿಗೆ ಕನಿಷ್ಠ 24 x 24 ಪಿಕ್ಸೆಲ್ ಅಂತ ಇದೆ. ಅಷ್ಟಾದರೂ ಎಲ್ಲರೂ ಪಾಲಿಸಿದರೆ ನಮ್ಮಂಥವರಿಗೆ ಎಷ್ಟು ಉಪಕಾರ!

ಮೌಸ್ ಬದಲು ಚೆಂಡು ತಿರುಗಿಸಿ ಬಾಣ ಓಡಿಸುವ ಟ್ರ್ಯಾಕ್‌ಬಾಲ್ ಮೇಜಿನ ಮೇಲೆ ಸರಿಯುವುದಿಲ್ಲ. ಚೆಂಡು ತಿರುಗಿಸಿ, ಕೈ ಎತ್ತಿ, ಉಸಿರು ಬಿಟ್ಟು ಆಮೇಲೆ ಒತ್ತಿದರೂ ಬಾಣ ಇದ್ದಲ್ಲೇ ಇರುತ್ತದೆ. ಹೆಬ್ಬೆರಳಲ್ಲಿ ತಿರುಗಿಸುವ ಬಗೆ ನನಗೆ ಆಗಲಿಲ್ಲ, ನಡುಕ ಅಲ್ಲೇ ಜಾಸ್ತಿ. ಅಂಗೈಯಲ್ಲೇ ತಿರುಗುವ ದೊಡ್ಡ ಚೆಂಡಿನದ್ದು ಹಿಡಿಸಿತು. ಆದರೆ ನಮ್ಮ ಕರಾವಳಿಯ ಬೆವರಿಗೆ ಅದು ಅಂಟುತ್ತದೆ ಮಾರಾಯ್ರೆ. ವಾರಕ್ಕೊಮ್ಮೆ ಚೆಂಡು ಎತ್ತಿ, ಕೆಳಗಿನ ಮೂರು ಪುಟ್ಟ ಮಣಿಗಳಿಗೆ ಹಿಡಿದ ಕೊಳೆ ಒರೆಸಲೇಬೇಕು. ಗುಂಡಿ ಅದುಮಿಕೊಂಡೇ ಚೆಂಡು ತಿರುಗಿಸಿ ಎಳೆಯುವುದಂತೂ ಕಷ್ಟ. ಗುಂಡಿ ಒತ್ತಿ ಹಿಡಿಯದೆಯೇ ಎಳೆಯಲು ಬಿಡುವ ವಿಂಡೋಸ್‌ನ ಕ್ಲಿಕ್‌ಲಾಕ್ ಹಾಕಿಕೊಂಡ ಮೇಲೆ ಸ್ವಲ್ಪ ಸುಧಾರಿಸಿತು.

ಸಾಮಾನ್ಯ ಮೌಸ್, ಟ್ರ್ಯಾಕ್‌ಬಾಲ್ ಬಿಟ್ಟರೆ ಮೂರನೆಯದಕ್ಕೆ ದುಡ್ಡೇ ಬೇಡ: ವಿಂಡೋಸ್‌ನಲ್ಲೇ ಇರುವ ಮೌಸ್ ಕೀಸ್. ನಂಬರ್ ಪ್ಯಾಡಿನ 8 ಒತ್ತಿದರೆ ಬಾಣ ಮೇಲೆ, 2 ಒತ್ತಿದರೆ ಕೆಳಗೆ. 5 ಅಂದರೆ ಕ್ಲಿಕ್. 0 ಒತ್ತಿದರೆ ಹಿಡಿದುಕೊಳ್ಳುತ್ತದೆ, ಪಾಯಿಂಟ್ (.) ಕೀಲಿ ಒತ್ತಿದರೆ ಬಿಡುತ್ತದೆ. ಪರದೆಯ ಈ ತುದಿಯಿಂದ ಆ ತುದಿಗೆ ಹೋಗುವುದು ಮಾತ್ರ ಬಲು ನಿಧಾನ. ಇದನ್ನೊಂದನ್ನೇ ನೆಚ್ಚಿದರೆ ದಿನದ ಕೆಲಸ ಮುಗಿಯಲಿಕ್ಕಿಲ್ಲ.

ಹಾಗಾಗಿ ಈಗ ಬಲಗೈಗೆ ಚೆಂಡು, ಎಡಗೈಗೆ ಬೇರೆಯೇ ಒಂದು ಯುಎಸ್‌ಬಿ ನಂಬರ್ ಪ್ಯಾಡ್. ಹೋದ ವಾರ ಒಂದು ಆಮಂತ್ರಣದಲ್ಲಿ ಹೆಸರಿನ ಕೆಳಗಿನ ತೆಳು ಗೆರೆ ಸ್ವಲ್ಪ ಮೇಲೆ ಹೋಗಬೇಕಿತ್ತು. ಚೆಂಡಿನಿಂದ ಗೆರೆ ಮುಟ್ಟಿ, 0 ಒತ್ತಿ, 8ನ್ನು ಕುಟ್ಟುತ್ತಾ ಕೂದಲೆಳೆಯಷ್ಟೇ ಏರಿಸಿದೆ. ಪಾಯಿಂಟ್ ಒತ್ತಿದಾಗ ಗೆರೆ ಅಲ್ಲಾಡಲಿಲ್ಲ.