ಡೀಸೆಲ್ ಟ್ರಕ್ಕಿಗೆ ಮೆಕ್ಯಾನಿಕಲ್ ಫ್ಯುಯೆಲ್ ಪ್ರೆಶರ್ ಗೇಜು: ಮೂರು ವರ್ಷದ ಬಳಕೆಯ ನಂತರ

ಗೇಜು 0–30 ಪಿಎಸ್‌ಐ (ಒತ್ತಡದ ಅಳತೆ, ಚದರ ಅಂಗುಲಕ್ಕೆ ಪೌಂಡ್), 52 ಮಿ.ಮೀ. ಮುಖ, ಒಳಗೆ ಬೋರ್ಡನ್ ಟ್ಯೂಬು, ಅಂದರೆ ಒತ್ತಡ ಏರಿದಂತೆ ನೆಟ್ಟಗಾಗಿ ಮುಳ್ಳನ್ನು ತಿರುಗಿಸುವ ಬಾಗಿದ ಕೊಳವೆ. ಗಾಡಿ 24 ವಾಲ್ವಿನ 5.9 ಲೀಟರ್ ಕಮ್ಮಿನ್ಸ್ ಎಂಜಿನ್ನಿನ ಡಾಡ್ಜ್ ರಾಮ್, ಅಂದರೆ 1998ರ ನಡುವಿನಿಂದ 2002ರವರೆಗೆ ಬಂದ ವಿಪಿ44 ಎಂಬ ಇಂಜೆಕ್ಷನ್ ಪಂಪಿನ (ಸಿಲಿಂಡರುಗಳಿಗೆ ಡೀಸೆಲ್ ಚಿಮ್ಮಿಸುವ ಪಂಪು) ಪೀಳಿಗೆ. ಬಳಸಿದ್ದು ಮೂರು ವರ್ಷ. ತೀರ್ಪು ಮೊದಲೇ ಬೇಕಾದವರಿಗೆ: ಗೇಜಿಗೆ ಐದಕ್ಕೆ ನಾಲ್ಕೂವರೆ, ಕಿಟ್‌ನಲ್ಲಿ ಬಂದ ನೀಡಲ್ ವಾಲ್ವಿಗೆ (ಹರಿವನ್ನು ಕೂದಲೆಳೆಯಷ್ಟಕ್ಕೆ ಹೊಂದಿಸುವ ತಿರುಪು ವಾಲ್ವು) ನಾಲ್ಕು, ಎಂಜಿನ್ ಕಡೆಗೆ ಎಳೆಯಲು ಎಂದು ಕೊಟ್ಟ ನೈಲಾನ್ ಟ್ಯೂಬಿಗೆ ಸೊನ್ನೆ.

ಈ ಗಾಡಿಗೆ ಗೇಜು ಅಲಂಕಾರದ ಸಾಮಾನಲ್ಲ. ವಿಪಿ44ರ ಒಳಭಾಗಕ್ಕೆ ಎಂಜಿನ್ ಆಯಿಲ್ ಹೋಗುವುದಿಲ್ಲ. ಅದರ ಜಾರುವಿಕೆಯೂ ತಂಪೂ ಹಾದುಹೋಗುವ ಡೀಸೆಲ್ಲಿನಿಂದಲೇ ಆಗಬೇಕು. ಎಂಜಿನ್ ಸುಡುವುದಕ್ಕಿಂತ ಎಷ್ಟೋ ಹೆಚ್ಚು ಡೀಸೆಲ್ಲನ್ನು ಲಿಫ್ಟ್ ಪಂಪು, ಅಂದರೆ ಟ್ಯಾಂಕಿನಿಂದ ವಿಪಿ44ಗೆ ಡೀಸೆಲ್ ತಳ್ಳಿಕೊಡುವ ಪಂಪು, ಒದಗಿಸುತ್ತದೆ. ಮಿಕ್ಕಿದ್ದು ಸುಮಾರು 14 ಪಿಎಸ್‌ಐಗೆ ತೆರೆಯುವ ಓವರ್‌ಫ್ಲೋ ವಾಲ್ವಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಎಡವಟ್ಟು ಇರುವುದು ಇಲ್ಲಿ: ಲಿಫ್ಟ್ ಪಂಪು ಸೋತರೂ ವಿಪಿ44ರೊಳಗಿನ ವೇನ್ ಪಂಪು ತಾನೇ ಡೀಸೆಲ್ ಎಳೆದುಕೊಳ್ಳುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತುವುದಿಲ್ಲ. ಒಳಗೆ ಮಾತ್ರ ಅದು ಬಿಸಿಯಾಗಿ ಸವೆಯುತ್ತಿರುತ್ತದೆ. ಇಂಜೆಕ್ಷನ್ ಟೈಮಿಂಗಿನ ದೋಷ ಹೇಳುವ ಪಿ0216 ಕೋಡ್ ಕಾಣಿಸಿಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಎಲೆಕ್ಟ್ರಿಕ್ ಗೇಜು ಬಿಟ್ಟು ಮೆಕ್ಯಾನಿಕಲ್ ಏಕೆ? ಆರು ಸಿಲಿಂಡರಿನ ಎಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ನಿಮಿಷಕ್ಕೆ 6000 ಇಂಜೆಕ್ಷನ್, ಅಂದರೆ ಸೆಕೆಂಡಿಗೆ ನೂರು. ಆ ಬಡಿತ ಡೀಸೆಲ್ ಲೈನಿನಲ್ಲಿ ಹಿಂದಕ್ಕೂ ಹೋಗುತ್ತದೆ. ಎಲೆಕ್ಟ್ರಿಕ್ ಗೇಜಿಗೆ ಬೇಕಾದ, ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸೆಂಡರುಗಳನ್ನು ನೇರವಾಗಿ ಕೂರಿಸಿದರೆ ಅವು ಈ ಬಡಿತಕ್ಕೆ ಬೇಗ ಕೈಕೊಡುತ್ತವೆ. ಮೆಕ್ಯಾನಿಕಲ್ ಗೇಜಿಗೆ ಸೆಂಡರೂ ಇಲ್ಲ, ಅರ್ತ್ ತೊಂದರೆಯೂ ಇಲ್ಲ. ಆದರೆ ಬಡಿತಕ್ಕೆ ಕಡಿವಾಣ ಹಾಕದಿದ್ದರೆ ಇದರ ಮುಳ್ಳೂ ನಡುಗಿ ನಡುಗಿ ಒಳಗಿನ ಹಲ್ಲುಗಾಲಿಯನ್ನು ಸವೆಸಿಬಿಡುತ್ತದೆ. ಹಾಗಾಗಿ ಇಲ್ಲಿ ವಿಮರ್ಶೆಗೆ ಒಳಗಾಗಬೇಕಾದದ್ದು ಗೇಜಿಗಿಂತ ಹೆಚ್ಚಾಗಿ ಅದರ ಹಿಂದಿನ ಕೊಳಾಯಿ ಕೆಲಸ.

ರೇಂಜ್ ಆರಿಸುವುದು

0–15 ಗೇಜಿನಲ್ಲಿ ಅಂಕಿಗಳ ನಡುವೆ ಜಾಗ ಹೆಚ್ಚು, ಓದಲು ಸುಲಭ. ಆದರೆ ಮುಂದೆ 16–18 ಪಿಎಸ್‌ಐ ಕೊಡುವ ಲಿಫ್ಟ್ ಪಂಪು ಹಾಕಿದ ದಿನವೇ ಮುಳ್ಳು ಕೊನೆಗೆ ಹೋಗಿ ಕೂರುತ್ತದೆ, ಬೋರ್ಡನ್ ಟ್ಯೂಬು ಬಾಗಿದರೆ ಮತ್ತೆ ಸೊನ್ನೆಗೆ ಬರುವುದಿಲ್ಲ. 0–30ರಲ್ಲಿ ಕೆಲಸದ ಒತ್ತಡ ಮುಖದ ನಡುಭಾಗಕ್ಕೆ ಬರುತ್ತದೆ. ನಿಖರತೆಯಲ್ಲಿ ಗ್ರೇಡ್ ಬಿ ಎನಿಸಿಕೊಂಡ ಗೇಜಿಗೆ ನಡುಭಾಗದಲ್ಲಿ ಪೂರ್ಣ ಸ್ಕೇಲಿನ 2 ಶೇಕಡಾ ತಪ್ಪು ಸಹಜ, ಅಂದರೆ ಇಲ್ಲಿ 0.6 ಪಿಎಸ್‌ಐ. ಅಷ್ಟು ಸಾಕು. ಪಿ7100 ಪಂಪಿರುವ ಹಳೆಯ 12 ವಾಲ್ವಿನ ಗಾಡಿಗೆ ಈ ಗೇಜು ಬೇಡ. ಅಲ್ಲಿ ಐಡಲ್‌ನಲ್ಲೇ 17–22 ಇರಬೇಕು, 2500 ಆರ್‌ಪಿಎಂಗೆ 25 ದಾಟಬೇಕು, ಆದ್ದರಿಂದ 0–60 ಸರಿ. ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಭಾರಿ ಒತ್ತಡದ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಏರ್ಪಾಡು) ಗಾಡಿಯವರಿಗೆ ಒಂದು ಎಚ್ಚರಿಕೆ: ಇದು ಲಿಫ್ಟ್ ಪಂಪಿನ ಬದಿಗೆ ಮಾತ್ರ. ರೈಲಿನಲ್ಲಿ ಇರುವುದು ಸಾವಿರಕ್ಕೂ ಹೆಚ್ಚು ಬಾರ್. ಆ ಕಡೆ ಇಂಥ ಗೇಜು, ಹೋಸು, ಕೈ ಯಾವುದೂ ಹೋಗಬಾರದು.

ಗ್ಲಿಸರಿನ್ ತುಂಬಿದ ಗೇಜು ಮುಳ್ಳನ್ನು ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ನಿಜ. ಆದರೆ ಬಾನೆಟ್ಟಿನ ಬಿಸಿಗೆ ಡಬ್ಬಿಯೊಳಗಿನ ಒತ್ತಡ ಏರಿ, ಕಡಿಮೆ ರೇಂಜಿನ ಗೇಜು ತಪ್ಪು ತೋರಿಸತೊಡಗುತ್ತದೆ. ಮೇಲಿನ ಪುಟ್ಟ ರಬ್ಬರ್ ಬಿರಡೆ ಸ್ವಲ್ಪ ಎತ್ತಿ ಉಸಿರು ಬಿಡಿಸಿದರೆ ಸರಿಹೋಗುತ್ತದೆ. ಫಿಲ್ಟರ್ ಪಕ್ಕ ಪರೀಕ್ಷೆಗೆ ಇಡಲು ಅದು ಒಳ್ಳೆಯದು, ಕ್ಯಾಬಿನ್ನಿಗೆ ಒಣ ಗೇಜೇ ಸಾಕು.

ಎಲ್ಲಿ ಟ್ಯಾಪ್ ಮಾಡಬೇಕು

ಟ್ಯಾಪು, ಅಂದರೆ ಲೈನಿನಿಂದ ಗೇಜಿಗೆ ಕವಲು ತೆಗೆಯುವ ಜಾಗ, ಇರಬೇಕಾದದ್ದು ಫಿಲ್ಟರಿನ ನಂತರ, ವಿಪಿ44ರ ಒಳದಾರಿಗೆ ಆದಷ್ಟು ಹತ್ತಿರ. ಫಿಲ್ಟರಿಗೆ ಮೊದಲು ಟ್ಯಾಪ್ ಮಾಡಿದರೆ ಫಿಲ್ಟರ್ ಕಟ್ಟಿಕೊಂಡಷ್ಟೂ ಗೇಜು ಚೆನ್ನಾದ ಅಂಕಿ ತೋರಿಸುತ್ತದೆ, ಪಂಪು ಮಾತ್ರ ಹಸಿದಿರುತ್ತದೆ. ಇದಕ್ಕಿಂತ ಮೋಸದ ಗೇಜು ಇನ್ನೊಂದಿಲ್ಲ.

ಇಲ್ಲಿ ಬಾಂಜೋ ಬೋಲ್ಟ್ (ಒಳಗೆ ಡೀಸೆಲ್ ಹಾಯುವ ಟೊಳ್ಳು ಬೋಲ್ಟ್) ಬೇಕು. ತಲೆಯಲ್ಲಿ 1/8 ಎನ್‌ಪಿಟಿ (ಅಮೆರಿಕದ ಟೇಪರ್ ಪೈಪ್) ಥ್ರೆಡ್ ಇರುವ ಸಿದ್ಧ ಬೋಲ್ಟನ್ನೇ ಕೊಳ್ಳಿ, ಅಳತೆಯನ್ನು ಹಳೆಯ ಬೋಲ್ಟ್ ಬಿಚ್ಚಿ ನೋಡಿಯೇ ತನ್ನಿ. ಹಳೆಯದನ್ನೇ ಕೊರೆಯುವುದಾದರೆ 8.5 ಮಿ.ಮೀ. ಆಸುಪಾಸಿನ ಡ್ರಿಲ್ಲು, ಆಮೇಲೆ ಥ್ರೆಡ್ ಕೊರೆಯುವ ಟ್ಯಾಪು. ಆದರೆ ಕೆಲಸ ವೈಸ್‌ನಲ್ಲೇ ಆಗಬೇಕು, ಗಾಡಿಯ ಮೇಲೆ ಎಂದಿಗೂ ಬೇಡ. ಫಿಲ್ಟರಿನ ನಂತರ ಒಳಗೆ ಬಿದ್ದ ಒಂದು ಲೋಹದ ಚೂರು ನೇರ ಇಂಜೆಕ್ಷನ್ ಪಂಪಿಗೇ ಹೋಗುತ್ತದೆ. ಟೆಫ್ಲಾನ್ ಟೇಪಿನ ಎಳೆಗೂ ಇದೇ ದಾರಿ. ಆದ್ದರಿಂದ ಈ ಬದಿಯಲ್ಲಿ ಟೇಪ್ ಬೇಡ. ಡೀಸೆಲ್ ತಡೆಯುವ ಪೇಸ್ಟ್ ಸೀಲೆಂಟನ್ನು ತುದಿಯ ಎರಡು ಥ್ರೆಡ್ ಬಿಟ್ಟು ಹಚ್ಚಿ. ತಾಮ್ರದ ವಾಷರ್ ಹೊಸದೇ ಹಾಕಿ. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ.

ಇನ್ನು ಫಿಟ್ಟಿಂಗ್ ಗೊಂದಲ. ಎನ್‌ಪಿಟಿ 1/8ಕ್ಕೆ ಅಂಗುಲಕ್ಕೆ 27 ಥ್ರೆಡ್, ಬ್ರಿಟಿಷ್ ಟೇಪರ್ ಥ್ರೆಡ್ಡಾದ ಬಿಎಸ್‌ಪಿಟಿ 1/8ಕ್ಕೆ 28. ಎರಡನ್ನೂ ಒಂದಕ್ಕೊಂದು ಕೈಯಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಆ ಬಿಗಿತವನ್ನು ಸೀಲ್ ಆಯಿತೆಂದು ತಪ್ಪು ತಿಳಿಯುವವರೇ ಹೆಚ್ಚು. ವಾರದಲ್ಲಿ ಜಿನುಗತೊಡಗುತ್ತದೆ. ಹಾಗೆಯೇ ಎಎನ್ ಮಾದರಿಯ ಹೋಸಿನ ಫ್ಲೇರು (ತುದಿಯಲ್ಲಿ ಸೀಲ್ ಮಾಡುವ ಕೋನ) 37 ಡಿಗ್ರಿ, ಸಾಮಾನ್ಯ ಎಸ್‌ಎಇ ಹಿತ್ತಾಳೆ ಫ್ಲೇರು 45. ಇವೆರಡೂ ಜೋಡಿಯಲ್ಲ. ಫ್ಲೇರಿಗೆ ಸೀಲೆಂಟ್ ಹಚ್ಚುವುದಿಲ್ಲ, ಟೇಪರ್ ಥ್ರೆಡ್‌ಗೆ ಮಾತ್ರ. ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಿಂದ ಒಂದೂವರೆಯಿಂದ ಎರಡು ಸುತ್ತು ಸಾಕು. ಹಿತ್ತಾಳೆ ಇದಕ್ಕಿಂತ ಹೆಚ್ಚು ಸಹಿಸುವುದಿಲ್ಲ.

ಬಾಂಜೋ ತಲೆಯ ಮೇಲೆಯೇ ಟೀ (ಮೂರು ಬಾಯಿಯ ಫಿಟ್ಟಿಂಗ್), ವಾಲ್ವು, ಐಸೋಲೇಟರ್ (ಡೀಸೆಲ್ ಕ್ಯಾಬಿನ್ನಿಗೆ ಬರದಂತೆ ತಡೆಯುವ ಪೊರೆಯ ಡಬ್ಬಿ) ಎಲ್ಲವನ್ನೂ ಗೋಪುರದಂತೆ ಕಟ್ಟುವ ಚಿತ್ರಗಳು ಧಾರಾಳವಾಗಿ ಕಾಣಸಿಗುತ್ತವೆ. ಹಾಗೆ ಮಾಡಬೇಡಿ. ಎಂಜಿನ್ ಕಂಪನಕ್ಕೆ ಆ ಭಾರ ತೂಗಾಡಿ 1/8ರ ಕುತ್ತಿಗೆ ಬಿರುಕು ಬಿಡುತ್ತದೆ, ಡೀಸೆಲ್ ಚಿಮ್ಮುವುದು ಬಿಸಿ ಎಂಜಿನ್ನಿನ ಮೇಲೆ. ಬೋಲ್ಟಿನಿಂದ ಹೊರಡುವುದು 60–90 ಸೆಂ.ಮೀ.ನ ಎಎನ್ -4 ಅಳತೆಯ ಒಂದು ಹೆಣೆದ ಸ್ಟೀಲ್ ಹೋಸು ಮಾತ್ರ. ವಾಲ್ವೂ ಐಸೋಲೇಟರೂ ಫೈರ್‌ವಾಲಿಗೆ ಬ್ರಾಕೆಟ್ ಹಾಕಿ ಕೂರಬೇಕು. ಹೆಣೆದ ಹೋಸು ಗರಗಸವಿದ್ದಂತೆ, ತಾಗಿದ ವೈರನ್ನೆಲ್ಲ ಕೊಯ್ಯುತ್ತದೆ. ಅದರ ಮೇಲೆ ಸ್ಲೀವ್ ಹಾಕುವುದನ್ನು ಮರೆಯಬೇಡಿ. ಕಿಟ್‌ನ ನೈಲಾನ್ ಟ್ಯೂಬಿಗೆ ಸೊನ್ನೆ ಕೊಟ್ಟದ್ದು ಈ ಜಾಗದಲ್ಲಿ: ಬಿಸಿಗೆ ಗಡುಸಾಗಿ, ಫೆರ್ರೂಲ್ (ಟ್ಯೂಬನ್ನು ಬಿಗಿಹಿಡಿಯುವ ಉಂಗುರ) ಹಿಡಿದ ಕಡೆ ಸೀಳುತ್ತದೆ. ಐಸೋಲೇಟರ್ ಆಚೆ, ಕ್ಯಾಬಿನ್ ಒಳಗೆ ಅದೇ ಟ್ಯೂಬು ಚೆನ್ನಾಗಿ ಬಾಳುತ್ತದೆ.

ನೀಡಲ್ ವಾಲ್ವು

ಸರಣಿ ಹೀಗಿರಲಿ: ಟ್ಯಾಪು, ಹೋಸು, ನೀಡಲ್ ವಾಲ್ವು, ಐಸೋಲೇಟರ್, ನೈಲಾನ್, ಗೇಜು. ವಾಲ್ವು ಐಸೋಲೇಟರಿಗಿಂತ ಮೊದಲು ಬಂದರೆ ಅದರ ಪೊರೆಗೂ ಬಡಿತ ತಟ್ಟುವುದಿಲ್ಲ, ಸೋರಿಕೆ ಕಂಡ ದಿನ ಅಲ್ಲೇ ಮುಚ್ಚಿ ಮನೆಗೆ ಬರಬಹುದು.

ಹೊಂದಿಸುವುದು ಎರಡು ನಿಮಿಷದ ಕೆಲಸ. ಎಂಜಿನ್ ಐಡಲ್‌ನಲ್ಲಿರಲಿ. ಮುಳ್ಳು ಅಲುಗದೆ ನಿಲ್ಲುವವರೆಗೆ ವಾಲ್ವು ಮುಚ್ಚಿ, ನಂತರ ಕೂದಲೆಳೆಯಷ್ಟು ಬಿಚ್ಚಿ. ಆಕ್ಸಿಲರೇಟರ್ ಒತ್ತಿದಾಗ ಮುಳ್ಳು ಒಂದೆರಡು ಸೆಕೆಂಡು ತಡವಾಗಿ, ನಡುಗದೆ ಇಳಿಯಬೇಕು. ಥಟ್ಟನೆ ಇಳಿದರೆ ಹೆಚ್ಚು ತೆರೆದಿದೆ ಎಂದರ್ಥ. ಸ್ನಬ್ಬರ್ ಎಂಬ ಸ್ಥಿರ ತೂತಿನ ಬಿಲ್ಲೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಕಟ್ಟಿಕೊಂಡರೆ ಕಳಚಲೇಬೇಕು. ವಾಲ್ವನ್ನು ಒಮ್ಮೆ ಪೂರ್ತಿ ತೆರೆದರೆ ಕಸ ತೊಳೆದು ಹೋಗುತ್ತದೆ.

ಮೂರು ವರ್ಷದಲ್ಲಿ ಪದೇಪದೇ ಗಮನಿಸಬೇಕಾಗಿ ಬಂದದ್ದು ಇದೊಂದನ್ನೇ. ಇಷ್ಟು ಸಣ್ಣ ಸಂದಿನಲ್ಲಿ ಮಡ್ಡಿ ಕೂತರೆ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. 12ರಲ್ಲಿ ನಿಂತರೆ ನೋಡುವವರಿಗೆ ನೆಮ್ಮದಿ, ಲಿಫ್ಟ್ ಪಂಪು ಸತ್ತಿದ್ದರೂ! ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ತಿರುಗಿಸುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುವುದು ಅಭ್ಯಾಸವಾಗಬೇಕು.

ಐಸೋಲೇಟರ್ ತುಂಬುವುದು

ಕ್ಯಾಬಿನ್ ಒಳಗೆ ಡೀಸೆಲ್ ಬರಬಾರದು ಎಂಬುದಕ್ಕೆ ಐಸೋಲೇಟರ್. ನಡುವೆ ಪೊರೆ, ಒಂದು ಬದಿ ಡೀಸೆಲ್, ಇನ್ನೊಂದು ಬದಿ ಸಮಪಾಲು ಕೂಲೆಂಟ್ ಮತ್ತು ನೀರು. ಒಳವ್ಯಾಸ 3.2 ಮಿ.ಮೀ.ನ ಟ್ಯೂಬು ಎರಡು ಮೀಟರ್ ಇದ್ದರೆ ಹಿಡಿಯುವುದು ಕೇವಲ 16 ಮಿ.ಲೀ., ಒಂದು ಸಿರಿಂಜು ಸಾಕು. ಐಸೋಲೇಟರಿನ ಕೂಲೆಂಟ್ ಬಾಯಿ ಮೇಲಕ್ಕಿರಲಿ, ನಿಧಾನ ತುಂಬಿ, ಬೆರಳಲ್ಲಿ ತಟ್ಟಿ ಗುಳ್ಳೆ ಬಿಡಿಸಿ. ಗೇಜಿನ ಕಡೆಯ ನಟ್ಟನ್ನು ಕೊನೆಗೆ, ದ್ರವ ಜಿನುಗುತ್ತಿರುವಾಗ ಬಿಗಿಯಿರಿ. ಆದರೆ ಸಿರಿಂಜಿನಿಂದ ಒತ್ತುತ್ತಾ ಬಿಗಿಯಬೇಡಿ.

ಏಕೆಂದರೆ ತಪ್ಪು ಎರಡೂ ಕಡೆ ಆಗುತ್ತದೆ. ಗಾಳಿ ಉಳಿದರೆ ಅಥವಾ ಕಡಿಮೆ ತುಂಬಿದರೆ ಪೊರೆ ಒಂದು ಹಂತದಲ್ಲಿ ತಳ ಮುಟ್ಟುತ್ತದೆ. ನಿಜವಾದ ಒತ್ತಡ 14 ಇದ್ದರೂ ಗೇಜು ಅದಕ್ಕಿಂತ ಕೆಳಗೆ ಎಲ್ಲೋ ಒಂದೇ ಅಂಕಿಗೆ ಅಂಟಿಕೊಳ್ಳುತ್ತದೆ. ಹೆಚ್ಚು ತುಂಬಿದರೆ ಪೊರೆಗೆ ಡೀಸೆಲ್ ಬದಿಗೆ ಸರಿಯಲು ಜಾಗವಿರುವುದಿಲ್ಲ. ಬಿಸಿಲಿಗೆ ನಿಂತ ಗಾಡಿಯಲ್ಲಿ ಕೂಲೆಂಟ್ ಹಿಗ್ಗಿ, ಎಂಜಿನ್ ಆಫ್ ಇದ್ದಾಗಲೂ ಗೇಜು 1–2 ಪಿಎಸ್‌ಐ ತೋರಿಸುತ್ತದೆ. ಗೇಜಿನ ನಟ್ಟು ಕಾಲು ಸುತ್ತು ಸಡಿಲಿಸಿ ಒಂದು ಹನಿ ಬಿಟ್ಟರೆ ಮುಳ್ಳು ಸೊನ್ನೆಗೆ ಬರುತ್ತದೆ. ಐಸೋಲೇಟರನ್ನು ಗೇಜಿನ ಎತ್ತರಕ್ಕೇ ಕೂರಿಸುವುದು ಜಾಣತನ. ಹಾಗಿದ್ದೂ ಟ್ಯಾಪಿಗಿಂತ 60 ಸೆಂ.ಮೀ. ಮೇಲಿದ್ದರೆ ಡೀಸೆಲ್ ಕಂಬದ ತೂಕಕ್ಕೆ ಸುಮಾರು 0.7 ಪಿಎಸ್‌ಐ ಕಡಿಮೆ ಕಾಣುತ್ತದೆ. ಇದು ದೋಷವಲ್ಲ, ಲೆಕ್ಕಕ್ಕೆ ಹಿಡಿದರಾಯಿತು.

ಎಲ್ಲ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಲು ಆತುರ ಬೇಡ. ಸ್ಟಾರ್ಟರನ್ನು ಒಮ್ಮೆ ತಟ್ಟಿ ಕೀಯನ್ನು ಆನ್‌ಗೆ ಬಿಟ್ಟರೆ ಈ ಗಾಡಿಯಲ್ಲಿ ಲಿಫ್ಟ್ ಪಂಪು ಸುಮಾರು 25 ಸೆಕೆಂಡು ಓಡುತ್ತದೆ. ಆ ಹೊತ್ತಿನಲ್ಲಿ ಹೋಸಿನ ವಾಲ್ವ್ ತುದಿಯನ್ನು ಸ್ವಲ್ಪ ಸಡಿಲಿಸಿ ಗಾಳಿ ತೆಗೆಯಿರಿ, ಪ್ರತಿ ಜೋಡಣೆಗೂ ಬಿಳಿ ಕಾಗದ ಒತ್ತಿ ಸೋರಿಕೆ ನೋಡಿ.

ಓದುವುದು

ಐಡಲ್‌ನಲ್ಲಿ 10–14 ಇದ್ದರೆ ಸರಿ. ಆದರೆ ಐಡಲ್ ಅಂಕಿಗೆ ಮಹತ್ವ ಕೊಟ್ಟವರೇ ಮೋಸ ಹೋಗುವುದು. ಲೋಡಿನಲ್ಲಿ, ಏರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ಗೇಜು ಹೇಳುವ ನಿಜ. ಅಲ್ಲಿ 5ರ ಕೆಳಗೆ ಹೋಗಬಾರದು. 8–10ರಲ್ಲಿ ನಿಂತರೆ ಪಂಪಿಗೆ ಸುಖ. ಐಡಲ್‌ನಲ್ಲಿ 12, ಏರಿನಲ್ಲಿ 4 ಎಂದರೆ ಮೊದಲು ಫಿಲ್ಟರ್ ಬದಲಿಸಿ. ಸುಧಾರಿಸದಿದ್ದರೆ ಫಿಲ್ಟರಿನ ಎರಡೂ ಬದಿ ಒತ್ತಡ ಅಳೆಯಿರಿ. ನಡುವೆ 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ತಡೆ ಫಿಲ್ಟರಿನಲ್ಲೇ ಇದೆ. ವ್ಯತ್ಯಾಸವಿಲ್ಲದೆ ಎರಡೂ ಕಡೆ ಕಡಿಮೆ ಇದ್ದರೆ ಪಂಪು ಸೋತಿದೆ, ಇಲ್ಲವೇ ಟ್ಯಾಂಕಿನಿಂದ ಬರುವ ದಾರಿ ಕಟ್ಟಿದೆ.

ವಾಲ್ವು ಸರಿಯಾಗಿದ್ದೂ ಮುಳ್ಳು ತೊನೆದಾಡಿದರೆ ಎಳೆಯುವ ಬದಿಯಲ್ಲಿ ಗಾಳಿ ಸೇರುತ್ತಿದೆ. ಟ್ಯಾಂಕು ಕಾಲು ಭಾಗಕ್ಕೆ ಇಳಿದಾಗ ಮಾತ್ರ ಹೀಗಾದರೆ ಪಿಕಪ್ ಪೈಪು ನೋಡಿ. ಕೊರೆಯುವ ಚಳಿಯ ಬೆಳಿಗ್ಗೆ ಫಿಲ್ಟರಿನ ನಂತರದ ಒತ್ತಡ ಕುಸಿದು ಎಂಜಿನ್ ಬಿಸಿಯಾದಂತೆ ಏರಿದರೆ ಅದು ಡೀಸೆಲ್ಲಿನ ಮೇಣ, ಪಂಪಿನ ತಪ್ಪಲ್ಲ. ಎಂದಿಗಿಂತ ಹೆಚ್ಚು ತೋರಿಸತೊಡಗಿದರೂ ಸಂತೋಷಪಡಬೇಡಿ, ಓವರ್‌ಫ್ಲೋ ವಾಲ್ವು ಅಂಟಿರಬಹುದು ಅಥವಾ ರಿಟರ್ನ್ ಲೈನ್ ಹಿಸುಕಿರಬಹುದು.

ಅರ್ಧ ಅಂಕ ಕಳೆದದ್ದು ಗೇಜಿನ ದೀಪಕ್ಕೆ: ರಾತ್ರಿ 0ರಿಂದ 8ರವರೆಗಿನ ಭಾಗ ಮಬ್ಬು, ನೋಡಬೇಕಾದದ್ದೇ ಅಲ್ಲಿ. ಬಲ್ಬ್ ಬದಲಿಸಿದರೂ ಅಷ್ಟಕ್ಕಷ್ಟೇ. ಏರಿನಲ್ಲಿ ರಸ್ತೆ ಬಿಟ್ಟು ಗೇಜು ನೋಡುತ್ತ ಕೂರಲಾಗದು ಎನ್ನುವವರು ಫೈರ್‌ವಾಲಿನಲ್ಲಿ, ನೀಡಲ್ ವಾಲ್ವಿಗೂ ಐಸೋಲೇಟರಿಗೂ ನಡುವೆ ಒಂದು ಟೀ ಹಾಕಿ, 5–6 ಪಿಎಸ್‌ಐಗೆ ಕೆಲಸ ಮಾಡುವ ಪ್ರೆಶರ್ ಸ್ವಿಚ್ಚಿಗೆ ಕೆಂಪು ದೀಪ ಜೋಡಿಸಿಕೊಳ್ಳಬಹುದು. ಅಲ್ಲಿ ಸ್ವಿಚ್ಚಿಗೂ ಬಡಿತ ತಟ್ಟುವುದಿಲ್ಲ. ಆದರೆ ನೀಡಲ್ ವಾಲ್ವು ಕಟ್ಟಿಕೊಂಡರೆ ಆ ದೀಪವೂ ಕುರುಡು, ಹಾಗಾಗಿ ಬೆಳಗಿನ ಸೊನ್ನೆಯ ಪರೀಕ್ಷೆ ತಪ್ಪಿಸುವಂತಿಲ್ಲ.