ಔಷಧಿ ಇಲ್ಲದೆ ಕುಡಿತ ಬಿಡಿಸ್ತೀವಿ ಅನ್ನೋ ಸೆಂಟರಿಗೆ ಯಾರನ್ನೂ ಸೇರಿಸಬೇಡಿ

ಮನೆಯಲ್ಲಿ ದಿನಾ ಕುಡಿಯುವವರು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮಣ್ಣನನ್ನು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದೆವು. ದುಡ್ಡು ಹೋಯಿತಲ್ಲ ಅಂತ ಬರೀತಿಲ್ಲ, ಅವನ ಜೀವವೇ ಹೋಗೋದ್ರಲ್ಲಿತ್ತು. ನಾಚಿಕೆಗೆ ನೆಂಟರಿಗೂ ಇನ್ನೂ ಹೇಳಿಲ್ಲ. ಆದರೆ ಅದೇ ಮಾತು ಹೇಳಿ ಇನ್ನೊಂದು ಮನೆಯವರ ಹತ್ತಿರ ಅಡ್ವಾನ್ಸ್ ಕಟ್ಟಿಸಿಕೊಳ್ಳುತ್ತಿರುತ್ತಾರೆ ಅಂತ ನೆನೆದರೆ ಸುಮ್ಮನಿರಲು ಆಗುತ್ತಿಲ್ಲ.

ಅಣ್ಣ ಗೂಡ್ಸ್ ಗಾಡಿ ಓಡಿಸುತ್ತಾನೆ. ಸಂಜೆ ಒಂದು ಕ್ವಾರ್ಟರ್ ಅಂತ ಶುರುವಾದದ್ದು, ಬೆಳಗ್ಗೆ ಎದ್ದ ಕೂಡಲೇ ನೈಂಟಿ ಬೇಕು ಅನ್ನುವಲ್ಲಿಗೆ ಬಂದಿತ್ತು. ಅದು ಹೊಟ್ಟೆಗೆ ಬೀಳುವ ತನಕ ಕಾಫಿ ಲೋಟ ಹಿಡಿಯೋಕಾಗಲ್ಲ, ಮೈಯೆಲ್ಲ ಬೆವರು, ಓಕರಿಕೆ. ಬಿದ್ದ ಮೇಲೆ ನಡುಕ ನಿಲ್ಲುತ್ತಿತ್ತು. ಹಿಂದೊಮ್ಮೆ ಜ್ವರ ಬಂದು ಕುಡಿಯದೆ ಮಲಗಿದ್ದಾಗ ಫಿಟ್ಸ್ ಕೂಡ ಬಂದಿತ್ತು. ಇದನ್ನೆಲ್ಲ ಸೇರಿಸುವ ದಿನವೇ ಆ ಮ್ಯಾನೇಜರ್‌ಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಅವನು ಬರೆದುಕೊಂಡ. "ಎಲ್ಲಾ ನಾವು ನೋಡ್ಕೋತೀವಿ ಮೇಡಂ, ಡಾಕ್ಟರ್ ಇದ್ದಾರೆ" ಅಂದ. ಗೋಡೆ ಮೇಲೆ ಡಾಕ್ಟರ ಹೆಸರಿನ ಬೋರ್ಡೂ ಇತ್ತು.

ಮಾರನೇ ದಿನ ಫೋನ್ ಮಾಡಿದರೆ ಅಣ್ಣನ ಕೈಗೆ ಕೊಡಲಿಲ್ಲ. "ಮನೆಯವರ ದನಿ ಕೇಳಿದ್ರೆ ಮನಸ್ಸು ಕರಗುತ್ತೆ, ನಮ್ಮ ರೂಲ್ಸ್." ಕೈ ನಡುಗ್ತಿದೆಯಾ? "ಎಲ್ರಿಗೂ ನಡುಗುತ್ತೆ." ಮಾತ್ರೆ ಕೊಟ್ರಾ? "ಮಾತ್ರೆ ಕೊಟ್ರೆ ಮಾತ್ರೆ ಚಟ ಅಂಟ್ಕೊಳುತ್ತೆ. ನಮ್ಮಲ್ಲಿ ಯೋಗ, ಪ್ರಾರ್ಥನೆ, ಮನೋಬಲ ಅಷ್ಟೇ." ಆಮೇಲೆ ಒಂದು ಮಾತು ಅಂದ: "ಕುಡಿದಿದ್ದು ಅವ್ರು ತಾನೆ, ಸ್ವಲ್ಪ ಅನುಭವಿಸ್ಲಿ ಬಿಡಿ, ಆಗ್ಲೇ ಬುದ್ಧಿ ಬರೋದು." ಕಾಯಿಲೆಯವನ ಬಗ್ಗೆ ಆಡುವ ಮಾತಾ ಇದು?

ನಾನೂ ಅತ್ತಿಗೆಯೂ ಜಗಳ ಮಾಡಿಯೇ ಒಳಗೆ ಹೋದೆವು. ಅಣ್ಣನನ್ನು ಮಂಚಕ್ಕೆ ಬಟ್ಟೆಯಲ್ಲಿ ಕಟ್ಟಿದ್ದರು. ಮೈ ಕಾದ ಹೆಂಚು. ನಮ್ಮ ಗುರುತು ಹತ್ತಲಿಲ್ಲ. ಕಟ್ಟಿದ್ದ ಕೈಗಳಲ್ಲೇ ಸ್ಟೇರಿಂಗ್ ತಿರುಗಿಸುತ್ತಿದ್ದ, ಗೇರ್ ಹಾಕುತ್ತಿದ್ದ, "ಸೈಡು, ಸೈಡು" ಅಂತ ಕೂಗುತ್ತಿದ್ದ. ಹಾಸಿಗೆ ಮೇಲಿಂದ ಇಲ್ಲದ ಇರುವೆ ಆರಿಸುತ್ತಿದ್ದ. ರಾತ್ರಿ ಎರಡು ಸಲ ಫಿಟ್ಸ್ ಬಂದಿತ್ತಂತೆ, ಕೈಗೆ ಬೀಗದ ಕೈ ಹಿಡಿಸಿದರಂತೆ, ಅಷ್ಟೇ ಅವರ ಚಿಕಿತ್ಸೆ. ಡಾಕ್ಟರ್ ಎಲ್ಲಿ ಅಂದೆ. "ನಾಟಕ ಮೇಡಂ ಇದು. ಮನೆಗೆ ಹೋಗೋಕೆ ಎಲ್ರೂ ಹೀಗೇ ಮಾಡೋದು." ಮಗ್ಗುಲಲ್ಲಿದ್ದವನು ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಅಂದ!

108 ಕರೆಸಿ ಜಿಲ್ಲಾಸ್ಪತ್ರೆಗೆ ಒಯ್ದೆವು. ಅಲ್ಲಿನ ಮನೋವೈದ್ಯರು ಕೇಳಿದ್ದು ಒಂದೇ: "ಯಾವ ಮಾತ್ರೆ, ಎಷ್ಟು ಕೊಟ್ಟಿದ್ದಾರೆ? ಕೇಸ್ ಶೀಟ್ ಕೊಡಿ." ಸೆಂಟರಿನವರು ಕೈಗೆ ತುರುಕಿದ್ದ ಫೈಲು ಬಿಚ್ಚಿದೆ. ಒಳಗೆ ರಸೀದಿ, ಪ್ರಾರ್ಥನೆಯ ಟೈಂಟೇಬಲ್, ಮತ್ತೆ "ಏನಾದರೂ ಆದಲ್ಲಿ ಸಂಸ್ಥೆ ಹೊಣೆಯಲ್ಲ" ಅನ್ನೋ ಕಾಗದ, ಕೆಳಗೆ ಅತ್ತಿಗೆಯ ಸಹಿ. ಬಿಪಿ ನೋಡಿದ ಗುರುತಿಲ್ಲ. ಒಂದು ಮಾತ್ರೆಯ ಹೆಸರಿಲ್ಲ. ಆ ಬೋರ್ಡಿನ ಡಾಕ್ಟರ ಒಂದು ಸಹಿ ಇಲ್ಲ. ಕೌಂಟರ್ ಮುಂದೆ ಆ ಫೈಲು ಹಿಡ್ಕೊಂಡು ನಿಂತಾಗ ಆದ ಅವಮಾನ, ಉರಿ, ಹೇಳೋಕಾಗಲ್ಲ. ಅಷ್ಟು ದುಡ್ಡು ಕಟ್ಟಿಸಿಕೊಂಡದ್ದು ಅವನನ್ನು ಕೂಡಿಹಾಕಲಿಕ್ಕೆ!

ವೈದ್ಯರು ಆಮೇಲೆ ಕೂರಿಸಿ ಹೇಳಿದರು. ವರ್ಷಗಟ್ಟಲೆ ದಿನಾ ಕುಡಿದವರು ತಟ್ಟನೆ ನಿಲ್ಲಿಸಿದರೆ ಆರೇಳು ಗಂಟೆಗೇ ನಡುಕ, ಬೆವರು ಶುರುವಾಗಬಹುದು. ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಜ್ವರ, ಭ್ರಮೆ, ದಿಕ್ಕು ತಪ್ಪಿದ ಮಾತು. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ, ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಡ್ರೈವರ್ ಗಾಡಿ ಓಡಿಸೋದು, ಟೈಲರ್ ಹೊಲಿಯೋದು, ಇವೆಲ್ಲ ಅದರ ಲಕ್ಷಣವೇ. ನಾಟಕ ಅಲ್ಲ. ಹಿಂದೆ ಫಿಟ್ಸ್ ಬಂದವರಿಗೆ ಅಪಾಯ ಜಾಸ್ತಿ. ಹೇಳಿದ್ದೆನಲ್ಲ ಆ ಮ್ಯಾನೇಜರ್‌ಗೆ!

ಇದಕ್ಕೆ ಔಷಧಿ ಇಲ್ಲದೇನಿಲ್ಲ. ಕ್ಲೋರ್‌ಡಯಜೆಪಾಕ್ಸೈಡ್ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಅಣ್ಣನಿಗೆ ಕೊಟ್ಟದ್ದು ಲೊರಾಜೆಪಾಮ್. ಜೊತೆಗೆ ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್, ಗ್ಲೂಕೋಸ್ ಏರಿಸುವ ಮೊದಲೇ. ಇಲ್ಲದಿದ್ದರೆ ಮಿದುಳಿಗೇ ಪೆಟ್ಟು. ಲೊರಾಜೆಪಾಮ್‌ನಂಥ ಮಾತ್ರೆ ಮೆಡಿಕಲ್ ಶಾಪಲ್ಲಿ ತಂದು ಮನೆಯಲ್ಲೇ ಕೊಡಬೇಡಿ, ಲೆಕ್ಕ ತಪ್ಪಿದರೆ ಉಸಿರಿಗೇ ಕಷ್ಟ. ಆಮೇಲೆ ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಈಗ ಅವನಿಗೆ ಅಕಾಂಪ್ರೊಸೇಟ್ ನಡೀತಿದೆ.

ಮ್ಯಾನೇಜರ್‌ಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ನಮ್ಮಲ್ಲಿ ಎಷ್ಟೋ ಜನ ಸರಿಹೋಗಿದ್ದಾರೆ, ನಿಮ್ಮಣ್ಣಂಗೆ ವಿಲ್‌ಪವರ್ ಇಲ್ಲ" ಅಂದ. ಅದರ ಮೇಲೆ, ಅವರಿಗೆ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸೋ ಪುಡಿ ಇದೆ, ಕೊರಿಯರ್ ಮಾಡ್ತೀನಿ ಅಂದ! ಅಂಥ ಪುಡಿ ಯಾರೇ ಕೊಟ್ಟರೂ ತಗೋಬೇಡಿ. ಅದರಲ್ಲಿ ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸುವ ಔಷಧಿ ಇದ್ದರೆ, ತಿಳಿಯದೆ ಅದರ ಮೇಲೆ ಕುಡಿದವರಿಗೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕಾದ ಮಾತ್ರೆ ಅದು.

ಆ ಸೆಂಟರಲ್ಲೇ ಅಫೀಮು ಜಾತಿಯ ನೋವಿನ ಮಾತ್ರೆ ಚಟದ ಒಬ್ಬ ಹುಡುಗನೂ ಇದ್ದ, ಅವನಿಗೂ ಬರೀ ಪ್ರಾರ್ಥನೆ. ಅಂಥ ಚಟಕ್ಕೆ ಬುಪ್ರೆನಾರ್ಫಿನ್ ಅನ್ನೋ ಔಷಧಿ ಇದೆ. ಸುಮ್ಮನೆ ಕೂಡಿಹಾಕಿ ಹೊರಗೆ ಬಿಟ್ಟರೆ, ತಡೆಯುವ ಶಕ್ತಿ ತಗ್ಗಿರೋ ಮೈಗೆ ಹಳೇ ಪ್ರಮಾಣವೇ ಸಾವು ತರಬಹುದಂತೆ. ಅವನ ಮನೆಯವರಿಗೆ ಯಾರು ಹೇಳ್ತಾರೆ?

ಸೇರಿಸುವ ಮೊದಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಕೇಳಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅದು ಇರಲೇಬೇಕು. ಮನೋವೈದ್ಯರ ಅನುಮತಿ ಇಲ್ಲದೆ ಕಟ್ಟಿಹಾಕುವಂತಿಲ್ಲ. ರಾತ್ರಿ ಫಿಟ್ಸ್ ಬಂದರೆ ಯಾರು ನೋಡ್ತಾರೆ ಅಂತ ಕೇಳಿ. ತಡವರಿಸಿದರೆ ಎದ್ದು ಬನ್ನಿ. ಬೆಂಗಳೂರಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಇದ್ದಾರೆ. ಏನೂ ತೋಚದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಅಡ್ವಾನ್ಸ್ ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ನೀವಾಗೇ ಕರ್ಕೊಂಡು ಹೋಗಿದ್ದು, ರೀಫಂಡ್ ಇಲ್ಲ." ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೂ ಆ ಖಾಲಿ ಫೈಲನ್ನೂ ಜೆರಾಕ್ಸ್ ಮಾಡಿಸಿ, ಪ್ರಾಧಿಕಾರಕ್ಕೆ ದೂರು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ.