ಡೇಟಾಬೇಸ್ ಸರ್ವರ್ ಕೈಪಿಡಿ: ಓಎಸ್‌ಗೊಂದೋ, ಎಲ್ಲಕ್ಕೂ ಒಂದೋ?

ನಮ್ಮ ಕಚೇರಿಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಉಬುಂಟು, ರಾಕಿ ಲಿನಕ್ಸ್ ಮತ್ತು ವಿಂಡೋಸ್ ಸರ್ವರ್ ಎಂಬ ಮೂರು ಆಪರೇಟಿಂಗ್ ಸಿಸ್ಟಂಗಳ (ಓಎಸ್) ಯಂತ್ರಗಳಲ್ಲಿದೆ. ಇವುಗಳ ನಿರ್ವಹಣೆಯ ಕೈಪಿಡಿಯನ್ನು ನಾನು ಮೂರು ರೀತಿಯಲ್ಲಿ ಬರೆದು ನೋಡಿದ್ದೇನೆ: ಮೊದಲು ಓಎಸ್‌ಗೊಂದು ಪ್ರತ್ಯೇಕ ಪುಟ, ಆಮೇಲೆ ಒಂದೇ ಪುಟದಲ್ಲಿ ಓಎಸ್‌ಗೊಂದು ಟ್ಯಾಬ್, ಕೊನೆಗೆ ಎಲ್ಲಕ್ಕೂ ಒಂದೇ ಪಠ್ಯ. ಈ ಮೂರನೆಯದರಲ್ಲಿ ಸಂರಚನಾ ಫೈಲಿನ (ಸರ್ವರಿನ ಸೆಟ್ಟಿಂಗ್ಸ್ ಇರುವ ಫೈಲಿನ) ವಿಳಾಸವನ್ನು ನಾವು ಬರೆದಿಡುವುದಿಲ್ಲ. ಅದನ್ನು ಸರ್ವರನ್ನೇ ಕೇಳಬೇಕು. ನನಗೆ ಒಗ್ಗಿರುವುದು ಇದೇ, ಹಿಂದಿನ ಎರಡಕ್ಕೆ ಮರಳುವ ಯೋಚನೆ ಇಲ್ಲ.

ಪ್ರತ್ಯೇಕ ಪುಟಗಳ ಮೇಲಿನ ನಂಬಿಕೆ ಹೋದದ್ದು ಒಂದೇ ರಾತ್ರಿಯಲ್ಲಿ. ಪಾಳಿಯಲ್ಲಿದ್ದ ಹುಡುಗ ಫೋನ್ ಮಾಡಿ, "ಸರ್, ಪುಟದಲ್ಲಿ ಇರುವ ಹಾಗೆಯೇ ಮ್ಯಾಕ್ಸ್ ಕನೆಕ್ಷನ್ಸ್ 300ಕ್ಕೆ ಏರಿಸಿದೆ, ರೀಸ್ಟಾರ್ಟ್ ಕೂಡ ಮಾಡಿದೆ, ಆದರೂ 100 ಅಂತಲೇ ತೋರಿಸುತ್ತಿದೆ" ಎಂದ. (ಮ್ಯಾಕ್ಸ್ ಕನೆಕ್ಷನ್ಸ್ ಎಂದರೆ ಏಕಕಾಲಕ್ಕೆ ಇರಬಹುದಾದ ಸಂಪರ್ಕಗಳ ಮಿತಿ.) ಎರಡನೆಯ ಸಲ ಮಾಡಿಸಿದೆ, ಮೂರನೆಯ ಸಲವೂ ಮಾಡಿಸಿದೆ. 100 ಕದಲಲಿಲ್ಲ, ದೋಷದ ಸಂದೇಶವೂ ಬರಲಿಲ್ಲ. ಉಬುಂಟುವಿನಲ್ಲಿ ಸಂರಚನಾ ಫೈಲುಗಳು ದತ್ತಾಂಶದ ಜೊತೆಗಿರದೆ ಇಟಿಸಿ ಫೋಲ್ಡರಿನೊಳಗೆ ಆವೃತ್ತಿಗೊಂದರಂತೆ ಬೇರೆಬೇರೆಯಾಗಿ ಇರುತ್ತವೆ. ಆ ಯಂತ್ರದ ಪೋಸ್ಟ್‌ಗ್ರೆಸ್ ಅನ್ನು 14ನೇ ಆವೃತ್ತಿಯಿಂದ 16ಕ್ಕೆ ಏರಿಸಿದಾಗ ಹೊಸ ಕ್ಲಸ್ಟರ್ (ಒಂದು ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪು) 5432ನೇ ಪೋರ್ಟನ್ನು, ಅಂದರೆ ಸಂಪರ್ಕಗಳು ಬರುವ ಬಾಗಿಲನ್ನು, ವಹಿಸಿಕೊಂಡಿತ್ತು. ಹಳೆಯದು ತಾನಾಗಿ ಶುರುವಾಗದಂತೆ ಪಕ್ಕಕ್ಕೆ ಸರಿದಿತ್ತಾದರೂ ಅದರ ಫೋಲ್ಡರ್ ಅಲ್ಲಿಯೇ ಉಳಿದಿತ್ತು. ನಾನು ಬರೆದ ಪುಟದಲ್ಲಿ 14ರ ವಿಳಾಸವೇ ಇತ್ತು. ಹುಡುಗ ತಿದ್ದಿದ್ದು ಮಲಗಿದ್ದ ಕ್ಲಸ್ಟರಿನ ಫೈಲನ್ನು, ಪ್ರತಿ ಸಲ ರೀಸ್ಟಾರ್ಟ್ ಆಗುತ್ತಿದ್ದದ್ದು ಎದ್ದಿದ್ದ ಕ್ಲಸ್ಟರ್. ಇದು ನನಗೆ ಹೊಳೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ತಪ್ಪು ಅವನದಲ್ಲ, ಪುಟದ್ದು, ಅಂದರೆ ನನ್ನದು.

ಟ್ಯಾಬ್‌ಗಳ ಪುಟ ನೋಡಲು ಚೆನ್ನಾಗಿತ್ತು. ಆದರೆ ಮುಚ್ಚಿದ ಟ್ಯಾಬಿನೊಳಗಿನ ಮಾತು ಬ್ರೌಸರಿನ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ, ಮತ್ತು ತಿದ್ದುವವರು ತಮ್ಮ ಕಣ್ಣ ಮುಂದಿನ ಟ್ಯಾಬನ್ನಷ್ಟೇ ತಿದ್ದಿ ಹೋಗುತ್ತಿದ್ದರು. ವಿಂಡೋಸ್ ಟ್ಯಾಬ್ ಆರು ತಿಂಗಳಲ್ಲೇ ಹಳಸಿತು.

ಈಗಿನ ಕೈಪಿಡಿಯಲ್ಲಿ ಯಾವುದೇ ಕೆಲಸದ ಮೊದಲ ಹೆಜ್ಜೆ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಸಾಧನ) ತೆರೆದು 'ಶೋ ಕಾನ್ಫಿಗ್ ಫೈಲ್' ಆದೇಶ ಕೊಡುವುದು. ಉಬುಂಟುವಿನಲ್ಲಿ ಇಟಿಸಿ ಫೋಲ್ಡರಿನ ವಿಳಾಸ, ರಾಕಿಯಲ್ಲಿ ದತ್ತಾಂಶದ ಫೋಲ್ಡರಿನೊಳಗಿನ ವಿಳಾಸ, ವಿಂಡೋಸ್‌ನಲ್ಲಿ ಪ್ರೋಗ್ರಾಂ ಫೈಲ್ಸ್ ಒಳಗಿನ ವಿಳಾಸ ಉತ್ತರವಾಗಿ ಬರುತ್ತದೆ. ಆವೃತ್ತಿ ಬದಲಾದರೆ ಉತ್ತರವೂ ತಾನಾಗಿ ಬದಲಾಗುತ್ತದೆ. (ವಿಂಡೋಸ್‌ನ ವಿಳಾಸದಲ್ಲೂ ಲಿನಕ್ಸ್ ರೀತಿಯ ಓರೆಗೆರೆಗಳೇ ಇರುವುದನ್ನು ಕಂಡು ಹೊಸಬರು ಒಮ್ಮೆ ಹುಬ್ಬೇರಿಸುತ್ತಾರೆ.) ಫೈಲನ್ನು ತಿದ್ದಿಯೂ ಸೆಟ್ಟಿಂಗಿನ ಮೌಲ್ಯ ಬದಲಾಗದಿದ್ದರೆ ಪಿಜಿ ಸೆಟ್ಟಿಂಗ್ಸ್ ಎಂಬ ನೋಟದಲ್ಲಿ (ವ್ಯೂ) ಆ ಮೌಲ್ಯ ಯಾವ ಫೈಲಿನ ಎಷ್ಟನೆಯ ಸಾಲಿನಿಂದ ಬಂದಿದೆಯೆಂದು ಕಾಣುತ್ತದೆ. ಹಿಂದೆ ಯಾರೋ ಸೆಟ್ಟಿಂಗ್ ಬದಲಿಸುವ 'ಆಲ್ಟರ್ ಸಿಸ್ಟಂ' ಆದೇಶ ಕೊಟ್ಟು ಮರೆತಿದ್ದರೆ, ಮುಖ್ಯ ಫೈಲನ್ನು ಮೀರಿ ನಡೆಯುವ ಆಟೋ ಕಾನ್ಫ್ ಫೈಲಿನ ಹೆಸರು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಲಾಗಿನ್ ವಿಷಯದಲ್ಲಿ ಮೂರೂ ವಿಧಾನಗಳು ಸಮ, ಯಾವುದರಲ್ಲೂ ಓಎಸ್ ವ್ಯತ್ಯಾಸವನ್ನು ಬರೆಯಲೇಬೇಕು: ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಕೆದಾರರಾಗಿ ಒಳಹೋಗಬೇಕು, ವಿಂಡೋಸ್‌ನಲ್ಲಿ ಪಾಸ್‌ವರ್ಡ್ ಬೇಕು.

ನನ್ನ ಆಯ್ಕೆಯ ದೌರ್ಬಲ್ಯವೆಂದರೆ, ಎದ್ದಿರುವ ಸರ್ವರನ್ನು ಮಾತ್ರ ಹೀಗೆ ಕೇಳಲು ಸಾಧ್ಯ. ಕೇಳುವವರಿಗೂ ಸೂಪರ್‌ಯೂಸರ್‌ನ ಪೂರ್ಣ ಅಧಿಕಾರ ಅಥವಾ ಸೆಟ್ಟಿಂಗ್ಸ್ ಓದುವ ಅನುಮತಿ ಇರಬೇಕು. ಸರ್ವರ್ ಬಿದ್ದಾಗ ಓಎಸ್ ಅನ್ನು ಕೇಳುವ ಮೂರು ಸಾಲುಗಳನ್ನು ಕೈಪಿಡಿಯ ತುದಿಯಲ್ಲಿ ಸೇರಿಸಿದ್ದೇನೆ. ಉಬುಂಟುವಿನಲ್ಲಿ ಪಿಜಿ ಎಲ್‌ಎಸ್ ಕ್ಲಸ್ಟರ್ಸ್ ಆದೇಶವು ಮಲಗಿರುವ ಕ್ಲಸ್ಟರುಗಳನ್ನೂ ತೋರಿಸುತ್ತದೆ. ರಾಕಿಯಲ್ಲಿ 'ಸಿಸ್ಟಂಸಿಟಿಎಲ್ ಕ್ಯಾಟ್' ಕೊಟ್ಟರೆ ಸರ್ವಿಸ್ ಫೈಲಿನಲ್ಲಿ ದತ್ತಾಂಶದ ಫೋಲ್ಡರನ್ನು ಹೇಳುವ ಪಿಜಿಡೇಟಾ ಎಂಬ ಸಾಲು ಕಾಣುತ್ತದೆ. ವಿಂಡೋಸ್‌ನಲ್ಲಿ ಸರ್ವಿಸಸ್ ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ದತ್ತಾಂಶದ ಫೋಲ್ಡರಿನ ವಿಳಾಸ ಸಿಗುತ್ತದೆ.

ದಾಖಲೆ ಬರೆಯುವ ಕೆಲಸಕ್ಕೆ ನಮ್ಮಲ್ಲಿ ನಾನೊಬ್ಬನೇ ಇದ್ದೇನೆ. ಶುಕ್ರವಾರ ಸಂಜೆ ಸಿಗುವ ಅರ್ಧ ಗಂಟೆಯೇ ಅದರ ಬಜೆಟ್ಟು. ಅಷ್ಟರಲ್ಲಿ ಗಿಟ್‌ನಲ್ಲಿ (ಫೈಲುಗಳ ಬದಲಾವಣೆ ದಾಖಲಿಸುವ ವ್ಯವಸ್ಥೆ) ಇರುವ ಒಂದು ಸಾದಾ ಪಠ್ಯದ ಫೈಲನ್ನು ಸರಿಯಾಗಿ ಇಟ್ಟುಕೊಳ್ಳಬಹುದೇ ಹೊರತು ಮೂರು ಪುಟಗಳನ್ನಲ್ಲ. ಕೈತುಂಬ ಜನರಿರುವ ತಂಡಕ್ಕೆ ಟ್ಯಾಬ್‌ಗಳು ಹೊಂದೀತು. ಇನ್‌ಸ್ಟಾಲ್ ಮಾಡುವ ಪುಟಗಳನ್ನು ಮಾತ್ರ ನಾನೂ ಓಎಸ್‌ಗೊಂದರಂತೆಯೇ ಉಳಿಸಿಕೊಂಡಿದ್ದೇನೆ: ಉಬುಂಟುವಿನ ಪ್ಯಾಕೇಜು ಕ್ಲಸ್ಟರನ್ನು ತಾನೇ ಹುಟ್ಟಿಸುತ್ತದೆ, ರಾಕಿಯಲ್ಲಿ ಅದನ್ನು ನಾವೇ ಮಾಡಬೇಕು, ಇನ್ನೂ ಹುಟ್ಟದ ಸರ್ವರನ್ನು ಏನೂ ಕೇಳುವಂತಿಲ್ಲ.